ಹಗ್ಗ ಎಳೆಯುವ ಮುಂಚೆ ಇದನ್ನು ಓದು ಮಾರಾಯ

ಗೆಳೆಯಾ,

ಅಜ್ಜನ ಮರ ಕೊಯ್ಯುವ ಚೈನ್ ಮಿಷನ್ ಅಟ್ಟದಲ್ಲಿ ಸಿಕ್ಕಿದೆ, ಗುಜರಿಗೆ ಹಾಕಲಾ ಇಲ್ಲಾ ಒಂದ್ಸಲ ಸ್ಟಾರ್ಟ್ ಮಾಡಿ ನೋಡಲಾ ಅಂತ ಕೇಳಿದ್ದೆಯಲ್ಲ. ಎರಡೂ ಬೇಡ. ಗುಜರಿಗೆ ಹಾಕುವ ವಸ್ತು ಅದಲ್ಲ. ಹಾಗಂತ ಪೆಟ್ರೋಲ್ ಹುಯ್ದು ಸ್ಟಾರ್ಟ್ ಮಾಡುವ ಹಗ್ಗ ಎಳೆಯಲೂ ಹೋಗಬೇಡ. ಯಾಕೆ ಅಂತ ಹೇಳುತ್ತೇನೆ. ನಮ್ಮ ಅಪ್ಪನ ಮಿಷನ್ ಮೇಲೆ ಈ ಮಳೆಗಾಲ ಪೂರ್ತಿ ಕೂತಿದ್ದೆ, ಎಲ್ಲ ಇನ್ನೂ ಕೈಯಲ್ಲೇ ಇದೆ.

ನಮ್ಮದು ಸ್ಟಿಲ್ ಕಂಪನಿಯ 070. 1959ರಲ್ಲಿ ಜರ್ಮನಿಯಲ್ಲಿ ಬಂದ ಕಾಂಟ್ರಾ ಅನ್ನೋ ಮಾದರಿಯ ವಂಶದ್ದು. ಎಂಜಿನ್ 106 ಸಿಸಿ. ಹಳೇ ಸಿಡಿ 100 ಬೈಕಿನ ಎಂಜಿನ್‌ಗಿಂತ ದೊಡ್ಡದು ಅಲ್ವಾ, ಅದನ್ನು ಒಬ್ಬನೇ ಎತ್ತಿ ಹಿಡಿದು ಮರ ಕೊಯ್ಯಬೇಕು. ಮೂಡಿಗೆರೆಯ ತೋಟದಲ್ಲಿ ಅಪ್ಪ ಅದರಲ್ಲಿ ಎಷ್ಟು ಸಿಲ್ವರ್ ಓಕ್ ಕೊಯ್ದಿದ್ದಾರೋ ಲೆಕ್ಕ ಇಲ್ಲ. ಆಮೇಲೆ ಹಗುರದ ಮಿಷನ್ ಬಂತು, ಇದು ಕೊಟ್ಟಿಗೆಯ ಮೂಲೆ ಸೇರಿತು. ನಾನು ಎತ್ತಿಕೊಂಡಾಗ ಸೈಲೆನ್ಸರ್ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹಗ್ಗ ಒಂದಿಂಚೂ ಬರಲಿಲ್ಲ.

ಸಿಲಿಂಡರಿನ ಒಳಗೆ ಓಡಾಡುವ ಪಿಸ್ಟನ್ ಅಲ್ಲಾಡದ ಹಾಗೆ ಹಿಡಿದಿತ್ತು. ಹಿಡಿದಿದೆ ಅಂದರೆ ಸತ್ತಿದೆ ಅಂತಲ್ಲ. ಹಳೇ ಆಯಿಲ್ ಒಣಗಿ ಅಂಟಾಗಿರುತ್ತೆ, ಅಷ್ಟೇ ಇದ್ದರೂ ಇರಬಹುದು. ಕಿಡಿ ಕೊಡುವ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸ್ವಲ್ಪ ಡೀಸೆಲ್, ಸ್ವಲ್ಪ ಆಯಿಲ್ ಬಿಟ್ಟು ಸುಮ್ನೆ ಒಂದು ವಾರ ಇಟ್ಟೆ. ದಿನಾ ಸಂಜೆ ಎಂಜಿನ್ ಪಕ್ಕದ ತಿರುಗುವ ಚಕ್ರ, ಅಂದರೆ ಫ್ಲೈವೀಲನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಒತ್ತಿ ನೋಡುತ್ತಿದ್ದೆ. ಏಳನೇ ದಿನ ಒಂದು ಕೂದಲೆಳೆಯಷ್ಟು ಅಲ್ಲಾಡಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ಬಿಡಿಸೋಣ ಅಂತ ಯಾರಾದರೂ ಹೇಳಿದರೆ ಅವರ ಕೈಗೆ ಮಿಷನ್ ಕೊಡಬೇಡ. ಸಿಲಿಂಡರಿನ ಒಳಗೆ ತೆಳು ಲೇಪನ ಇರುತ್ತೆ, ಅದಕ್ಕೆ ಎಮರಿ ಕಾಗದವನ್ನೂ ತಾಗಿಸಬಾರದು.

ಕ್ಲಚ್ ಬಿಚ್ಚುವಾಗಲೂ ಜಾಗ್ರತೆ. ಚೈನ್ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಅದು ಉಲ್ಟಾ ಥ್ರೆಡ್. ನಾವು ಬಿಗಿ ಮಾಡುವ ಕಡೆ ತಿರುಗಿಸಿದರೆ ಅದು ಸಡಿಲ ಆಗುತ್ತೆ. ಪಿಸ್ಟನ್ ತಿರುಗದ ಹಾಗೆ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿದೆ, ಕಬ್ಬಿಣದ ಮೊಳೆ ಗಿಳೆ ಹಾಕಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಿಸ್ಟನ್ ಓಡಾಟದಿಂದ ತಿರುಗುವ ಕ್ರ್ಯಾಂಕ್ ದಂಡದ ಎರಡೂ ಕಡೆ ರಬ್ಬರ್ ಸೀಲ್ ಇರುತ್ತಲ್ಲ, ಇಷ್ಟು ವರ್ಷ ಕೂತ ಮೇಲೆ ಅದು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರೋದೇ ಪೆಟ್ರೋಲ್ ಜತೆ. ಸೀಲ್ ಸಂದಿಯಿಂದ ಗಾಳಿ ಎಳೆದುಕೊಂಡರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಆಯಿಲ್ಲೂ ಕಮ್ಮಿ. ಮಿಷನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತೆ, ಜೋರಾಗಿ ಕೂಗುತ್ತೆ, ನೀನು ಖುಷಿಯಲ್ಲಿ ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತೀಯ, ಅಷ್ಟರಲ್ಲಿ ಪಿಸ್ಟನ್ ಕಾದು ಸಿಲಿಂಡರಿಗೆ ಉಜ್ಜಿ ಹೋಗಿರುತ್ತೆ. ನಲವತ್ತು ವರ್ಷ ಉಳಿದದ್ದು ಎರಡು ನಿಮಿಷದಲ್ಲಿ ಹಾಳು. ಹಗ್ಗ ಎಳೆಯಬೇಡ ಅಂದಿದ್ದು ಇದಕ್ಕೇ. ನಾನು ಸೈಲೆನ್ಸರ್ ಬಾಯಿಗೆ, ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಾಯಿಗೆ ಹಳೇ ಟ್ಯೂಬಿನ ತುಂಡು ಬಿಗಿದು, ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿದೆ. ಫ್ಲೈವೀಲ್ ಕಡೆಯ ಸೀಲಿನಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಎರಡೂ ಸೀಲ್ ಬದಲಾಯಿಸಿದೆ.

ಕಿಡಿಯ ವಿಷಯಕ್ಕೆ ಊರಿನ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್ ತಯಾರಾಗುತ್ತಿದ್ದವಲ್ಲ, ಅವರು ಆ ಗಾಡಿಗಳಲ್ಲೇ ಕೈ ಪಳಗಿಸಿದವರು. ಫ್ಲೈವೀಲ್ ತೆಗೆದು ನೋಡಿದವರೇ "ಇದು ನಮ್ಮ ಪಾಯಿಂಟೇ ಅಲ್ವೇನಪ್ಪಾ" ಅಂದರು. ಪಾಯಿಂಟ್ ಅಂದರೆ ಕಿಡಿ ಬರೋಕೆ ಕರೆಂಟನ್ನು ಕೂಡಿಸಿ ಕಡಿಯುವ ಎರಡು ಲೋಹದ ತುದಿ. ಮದುವೆ ಕಾಗದದ ಒಂದು ಚೂರು ಹರಿದು ಪಾಯಿಂಟ್ ಸಂದಿಯಲ್ಲಿ ಇಟ್ಟು ಎಳೆದರು, ಕಪ್ಪು ಬಂತು, ಮತ್ತೆ ಎಳೆದರು, ಕಾಗದ ಬೆಳ್ಳಗೆ ಬರುವ ತನಕ ಬಿಡಲಿಲ್ಲ. ಆಮೇಲೆ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ 0.4 ಮಿ.ಮೀ.ಗೆ ಕೂರಿಸಿದರು. ಪ್ಲಗ್ಗನ್ನು ಬಾಡಿಗೆ ತಾಗಿಸಿ ತಿರುಗಿಸಿದಾಗ ನೀಲಿ ಕಿಡಿ. ಇಂಥವರು ಇನ್ನೂ ಇದ್ದಾರೆ ಅನ್ನೋದೇ ನನಗೆ ದೊಡ್ಡ ಧೈರ್ಯ.

ಕಾರ್ಬ್ಯುರೇಟರಿನ ಡಯಾಫ್ರಾಮ್ ಅನ್ನೋ ತೆಳು ಪೊರೆ ಹಪ್ಪಳದ ಹಾಗೆ ಮುರುಟಿತ್ತು. ಈ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇಲ್ಲ, ಅದಕ್ಕೇ ಮಿಷನ್ ಅಡ್ಡ ಹಿಡಿದರೂ ಓಡುತ್ತೆ. ಮೊದಲು ತರಿಸಿದ ಕಿಟ್ಟಿನಲ್ಲಿ ಒಂದು ತೂತು ಜಾಗ ತಪ್ಪಿತ್ತು, ಎರಡು ದಿನ ತಲೆ ಕೆಡಿಸಿತು. ಹಳೇದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿಯೇ ಜೋಡಿಸು. ಪೆಟ್ರೋಲ್ ಪೈಪ್ ಅಂತೂ ಬದಲಾಯಿಸಲೇಬೇಕು, ಈಗಿನ ಪೆಟ್ರೋಲಿನ ಎಥನಾಲ್ ಹಳೇ ರಬ್ಬರನ್ನು ತಿಂದು ಹಾಕುತ್ತೆ. ಲೀಟರಿಗೆ 40 ಎಂಎಲ್ ಟೂ ಸ್ಟ್ರೋಕ್ ಆಯಿಲ್ ಹಾಕಿದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡುತ್ತೇನೆ.

ಚೈನಿಗೆ ಅರ ಹಾಕುವಾಗ ಒಂದು ಕತೆ ನೆನಪಾಗುತ್ತೆ. ಅಮೆರಿಕದ ಆರೆಗಾನ್ ಕಡೆ ಮರದ ಕೆಲಸ ಮಾಡುತ್ತಿದ್ದ ಜೋ ಕಾಕ್ಸ್ ಅನ್ನೋರು 1946ರಲ್ಲಿ ಒಂದು ಬೊಡ್ಡೆಯಲ್ಲಿ ಮರ ಕೊರೆಯುವ ಹುಳವನ್ನು ನೋಡಿದರಂತೆ. ಅದರ ಬಾಯಿಯ ಎರಡು ಕೊಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಸಲೀಸಾಗಿ ಕಡಿಯುತ್ತಿತ್ತು. ಅದನ್ನೇ ನೋಡಿಕೊಂಡು ಚೈನಿನ ಹಲ್ಲು ಮಾಡಿದರು, ಇವತ್ತಿಗೂ ಚೈನಿನ ಹಲ್ಲು ಹಾಗೇ ಎಡ ಒಂದು, ಬಲ ಒಂದು. ಕಾಫಿ ಗಿಡದ ಬೋರರ್ ಹುಳಕ್ಕೆ ಶಾಪ ಹಾಕುತ್ತಾ ಬೆಳೆದ ನಮಗೆ ಇದು ಎಷ್ಟು ವಿಚಿತ್ರ ನೋಡು.

ಹೋದ ಭಾನುವಾರ ಅಪ್ಪನನ್ನು ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಮೊದಲೆರಡು ಸಲ ಬರೀ ಕೆಮ್ಮಿತು. ಅಪ್ಪ ಕೂತಲ್ಲಿಂದಲೇ "ಚೋಕ್ ತೆಗಿ" ಅಂದರು. ತೆಗೆದು ಎಳೆದೆ, ಹತ್ತಿಕೊಂಡಿತು. ನೀಲಿ ಹೊಗೆ, ಆ ದಪ್ಪ ಸದ್ದು, ನಾಯಿ ಓಡಿ ಹೋಯಿತು. ಅಪ್ಪ ಎದ್ದು ಬಂದು ಹಿಡಿಕೆಯ ಮೇಲೆ ಕೈ ಇಟ್ಟು ಹಾಗೇ ನಿಂತರು. ಮಾತಾಡಲಿಲ್ಲ.

ಒಂದು ಮಾತ್ರ ಹೇಳಿಬಿಡುತ್ತೇನೆ, ಇದಕ್ಕೆ ಚೈನ್ ಬ್ರೇಕ್ ಇಲ್ಲ. ಚೈನ್ ಸುತ್ತುವ ಉದ್ದ ಪಟ್ಟಿ, ಅಂದರೆ ಬಾರಿನ ತುದಿ ಎಲ್ಲಾದರೂ ತಾಗಿ ಹಿಂದಕ್ಕೆ ಎಗರಿದರೆ ನಿಲ್ಲಿಸೋಕೆ ಏನೂ ಇಲ್ಲ. ಅದಕ್ಕೆ ಕೆಲಸದವರ ಕೈಗೆ ಕೊಡೋದಿಲ್ಲ, ಮರದ ಮೇಲೆ ಹತ್ತಿಸೋದಿಲ್ಲ. ಬಿದ್ದ ದಿಮ್ಮಿಯನ್ನು ನೆಲದ ಮೇಲೆ ತುಂಡು ಮಾಡೋಕೆ ಮಾತ್ರ.

ನಿನ್ನದು ಯಾವ ಮಾದರಿ ಅಂತ ನೋಡಿ ತಿಳಿಸು. ಮಿಷನ್ ಬಾಡಿಯ ಮೇಲೆ ನಂಬರ್ ಇರುತ್ತೆ, ಬಟ್ಟೆಯಲ್ಲಿ ಒರೆಸಿ ಒಂದು ಫೋಟೋ ಕಳಿಸು. ಇವತ್ತೇ ಪ್ಲಗ್ ಬಿಚ್ಚಿ ಡೀಸೆಲ್ ಬಿಟ್ಟಿಡು, ಮುಂದಿನ ವಾರ ಪಂಪು, ಸೋಪು ತಗೊಂಡು ನಾನೇ ಬರುತ್ತೇನೆ.

ನಿನ್ನ
ಮೂಡಿಗೆರೆ ಗೆಳೆಯ