ಚಿ. ಸಿಂಧುವಿಗೆ, ಬೂಸ್ಟಿನ ವಿಷಯವಾಗಿ

ಶಿರಸಿ
ಆರಿದ್ರಾ ಮಳೆ, ಗುರುವಾರ

ಚಿ. ಸಿಂಧುವಿಗೆ ಅಪ್ಪಚ್ಚಿ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ತೋಟದ ಸುದ್ದಿ, ಆಯಿಯ ಕಾಲುನೋವಿನ ಸುದ್ದಿ ನಿನಗೆ ಫೋನಿನಲ್ಲಿ ಬಂದೇ ಬಂದಿರುತ್ತದೆ, ಮತ್ತೆ ಬರೆಯುವುದಿಲ್ಲ. ಜೇಬಿಗೆ ಹೋಗುವ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ ಕೊಳ್ಳಲೋ, ಲೆನ್ಸ್ ಬದಲಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಕೊಳ್ಳಲೋ ಅಂತ ಕೇಳಿದ ನಿನ್ನ ಪತ್ರದ ಮೊದಲ ಎರಡು ಪುಟಕ್ಕೆ ಉತ್ತರ ಕೊಡುವುದು ಸುಲಭವಿತ್ತು. ಯಾವುದರಲ್ಲಿ ಎಷ್ಟು ಮೆಗಾಪಿಕ್ಸೆಲ್, ಯಾವುದು ಹಗುರ ಅಂತೆಲ್ಲ ನೀನೇ ಬರೆದುಕೊಂಡಿದ್ದೀಯ. ಆದರೆ ಮೂರನೇ ಪುಟದ ತಳದಲ್ಲಿ ಒಂದು ಸಾಲು ಇತ್ತಲ್ಲ, ‘ಸಣ್ಣದೇ ಸಾಕು ಅಪ್ಪಚ್ಚಿ, ನಿನ್ನ ಕ್ಯಾಮೆರಾದ ಹಾಗೆ ಬೂಸ್ಟು ಹಿಡಿದು ಹೋದರೂ ಅಷ್ಟು ಸಂಕಟ ಆಗುವುದಿಲ್ಲ’ ಅಂತ. ಅದನ್ನು ಓದಿದ ಮೇಲೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ.

ನನ್ನ ಕ್ಯಾಮೆರಾದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಬಿಡು. ಬೂಸ್ಟಿನ ಮಾತಷ್ಟೇ ಹೇಳುತ್ತೇನೆ. ಅದು ಕ್ಯಾಮೆರಾ ದೊಡ್ಡದೋ ಸಣ್ಣದೋ ಅಂತ ನೋಡುವುದಿಲ್ಲ ಮಾರಾಯ್ತಿ. ಅದರ ಬೀಜ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ಗಾಳಿಯ ತೇವ ಶೇ. 60-65 ದಾಟಿ, ಕತ್ತಲೆಯಿದ್ದು, ಗಾಳಿ ಅಲ್ಲಾಡದೆ ನಿಂತರೆ ಗಾಜಿನ ಮೇಲಿನ ಬೆರಳಿನ ಜಿಡ್ಡು, ಧೂಳು ಇಷ್ಟೇ ಸಾಕು ಅದಕ್ಕೆ ಊಟಕ್ಕೆ. ಮೊದಲು ಒಂದು ಚುಕ್ಕಿ, ಆಮೇಲೆ ಜೇಡರ ಬಲೆಯ ಹಾಗೆ ಎಳೆ. ಅದು ಬಿಡುವ ಆಮ್ಲ ಲೆನ್ಸಿನ ಮೇಲಿನ ಲೇಪವನ್ನು ತಿನ್ನುತ್ತದೆ. ಬೇಗ ಕಂಡರೆ ಒರೆಸಿ ತೆಗೆಯಬಹುದು. ತಡವಾದರೆ ಬೂಸ್ಟು ಹೋದರೂ ಅದರ ಗುರುತು ಗಾಜಿನಲ್ಲೇ ಉಳಿಯುತ್ತದೆ, ದೀಪದ ಎದುರು ತೆಗೆದ ಪ್ರತಿ ಚಿತ್ರವೂ ಮಂಜು ಮಂಜು. ಕಾರವಾರದಲ್ಲಿ ಮಳೆಗಾಲದ ತೇವ 80ರ ಕೆಳಗೆ ಇಳಿಯುವುದೇ ಅಪರೂಪ, ಅದು ನಿನಗೇ ಗೊತ್ತು.

ಈಗ ನೀನು ಹೇಳುವ ಕಾಂಪ್ಯಾಕ್ಟನ್ನು ನೋಡು. ಅದರ ಲೆನ್ಸ್ ಮೈಗೇ ಕೂಡಿಕೊಂಡದ್ದು. ಒಳಗೆ ಬೂಸ್ಟು ಬಂದರೆ ಇಡೀ ಕ್ಯಾಮೆರಾ ಬಿಚ್ಚಬೇಕು, ಬಿಚ್ಚುವ ಕೂಲಿ ಅದರ ಬೆಲೆಯನ್ನೇ ಮೀರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಾದರೆ ಅದರ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಒಂದು ಹಾಳಾದರೆ ಅದೊಂದನ್ನೇ ಹುಬ್ಬಳ್ಳಿಗೋ ಬೆಂಗಳೂರಿಗೋ ರಿಪೇರಿಗೆ ಕಳಿಸಬಹುದು. ಬೇಡ ಅಂದರೆ ಬೇರೆ ಹಳೆಯ 18-55 ಹಾಕಿಕೊಂಡರಾಯಿತು, ಸೆಕೆಂಡ್ ಹ್ಯಾಂಡಿನಲ್ಲಿ ಅದು ಬಲು ಅಗ್ಗ. ಮೈ ಹಾಗೇ ಉಳಿಯುತ್ತದೆ. ಅಂದ ಮೇಲೆ ನೀನು ಯಾವುದಕ್ಕೆ ಹೆದರುತ್ತೀಯೋ ಅದರ ಲೆಕ್ಕದಲ್ಲೇ ಸಣ್ಣದು ಸೋಲುತ್ತದೆ.

ಇನ್ನೊಂದು ಇದೆ. ಸ್ವಿಚ್ ಒತ್ತಿದಾಗಲೆಲ್ಲ ಕಾಂಪ್ಯಾಕ್ಟಿನ ಮೂತಿ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಹಾಗೆ ಹೋಗಿ ಬರುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಗಾಳಿಗೆ ಹಾರುವ ಮರಳು ನೋಡಿದ್ದೀಯಲ್ಲ, ಆ ಕೊಳವೆಯ ಸಂದಿಯಲ್ಲಿ ಒಂದೇ ಒಂದು ಕಾಳು ಸಿಕ್ಕಿಕೊಂಡರೆ ಮೂತಿ ಅರ್ಧಕ್ಕೇ ನಿಂತು ‘ಲೆನ್ಸ್ ಎರರ್’ ಅನ್ನುತ್ತದೆ. ಕೈಯಿಂದ ಎಳೆದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದು ಅಲ್ಲಿಗೆ ಮುಗಿಯಿತು. ದೊಡ್ಡದಕ್ಕೂ ಮರಳು ಆಗಿಬರುವುದಿಲ್ಲ, ಕಡಲ ಬದಿಯಲ್ಲಿ ಲೆನ್ಸ್ ಬದಲಿಸುವ ಹುಚ್ಚು ಯಾರೂ ಮಾಡಬಾರದು. ಆದರೆ ಜೂಮ್ ಅನ್ನು ಕೈಯಲ್ಲಿ ತಿರುಗಿಸುವಾಗ ಕರಕರ ಅಂದರೆ ಬೆರಳಿಗೇ ತಿಳಿಯುತ್ತದೆ, ನಿಲ್ಲಿಸಬಹುದು. ಮೋಟರಿಗೆ ಅದು ತಿಳಿಯುವುದಿಲ್ಲ.

ಸಣ್ಣದನ್ನು ಪೂರ್ತಿ ತೆಗಳುತ್ತಿದ್ದೇನೆ ಅಂದುಕೊಳ್ಳಬೇಡ. ಜೇಬಿನಲ್ಲಿ ಇರುವುದೇ ಅದರ ದೊಡ್ಡ ಗುಣ. ಆದರೆ ಅಗ್ಗದ ಕಾಂಪ್ಯಾಕ್ಟಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2×4.6 ಮಿ.ಮೀ., ಕಿರುಬೆರಳ ಉಗುರಿಗಿಂತ ಚಿಕ್ಕದು. ಹೊಸಬರಿಗೆಂದು ಮಾಡುವ ಕ್ಯಾನನ್‌ನ ಅಗ್ಗದ ಡಿಎಸ್‌ಎಲ್‌ಆರ್‌ಗಳದ್ದು 22.3×14.9, ನಿಕಾನ್‌ನದ್ದು 23.5×15.6. ಗುಣಿಸಿ ನೋಡು, ಹನ್ನೆರಡು ಹದಿಮೂರು ಪಟ್ಟು ಜಾಗ. ಬೆಳಕು ಬೀಳುವ ಅಂಗಳವೇ ಅಷ್ಟು ದೊಡ್ಡದಾದ ಮೇಲೆ ಎರಡೂ ಕಡೆ ಮೆಗಾಪಿಕ್ಸೆಲ್ ಒಂದೇ ಇದ್ದು ಏನು ಬಂತು? ಹಗಲಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ನಿನ್ನ ಫೋನೇ ಈಗ ಹಗಲಲ್ಲಿ ಅಗ್ಗದ ಕಾಂಪ್ಯಾಕ್ಟನ್ನು ಸೋಲಿಸುತ್ತದೆ. ಜೂಮ್ ಒಂದನ್ನು ಬಿಟ್ಟರೆ ಅದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ನೀನು ಯಕ್ಷಗಾನ ಆಟದ ಫೋಟೊ ತೆಗೆಯಬೇಕು ಅಂತ ಬರೆದಿದ್ದೀಯ. ಅಲ್ಲಿ ಲೆಕ್ಕ ಬೇರೆಯೇ. ವೇಷ ಮಂಡಿ ತಿರುಗುವಾಗ ಕಿರೀಟ ಕದಲದೆ ಬರಬೇಕಾದರೆ ಶಟರ್ ತೆರೆದು 1/250 ಸೆಕೆಂಡಿನೊಳಗೆ ಮುಚ್ಚಬೇಕು. ರಂಗಸ್ಥಳದ ದೀಪಕ್ಕೆ ಲೆನ್ಸಿನ ಬಾಯಿ ಎಫ್ 1.8 (ಈ ಅಂಕೆ ಸಣ್ಣದಾದಷ್ಟೂ ಬಾಯಿ ದೊಡ್ಡದು), ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ 1600 ಇಟ್ಟರೆ ಸರಿಹೋಯಿತು ಅಂತ ಇಟ್ಟುಕೊ. ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸ್ 55ಕ್ಕೆ ಎಳೆದಾಗ ಎಫ್ 5.6ಕ್ಕಿಂತ ಬಾಯಿ ತೆರೆಯುವುದಿಲ್ಲ. ಒಳಗೆ ಬರುವ ಬೆಳಕು ಸುಮಾರು ಹತ್ತನೇ ಒಂದು ಪಾಲು. ಅದೇ ಐಎಸ್‌ಒ ಇಟ್ಟರೆ ಶಟರ್ 1/25ಕ್ಕೆ ಇಳಿಯುತ್ತದೆ, ಚಿತ್ರದಲ್ಲಿ ವೇಷದ ಬದಲು ಬಣ್ಣದ ಹೊಗೆ ಬರುತ್ತದೆ. ಶಟರ್ ಉಳಿಸಿಕೊಳ್ಳೋಣ ಅಂದರೆ ಐಎಸ್‌ಒ 16000 ಬೇಕು, ಮುಖದ ಬಣ್ಣದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಹಾಗಾಗಿ ಡಿಎಸ್‌ಎಲ್‌ಆರ್ ತಂದು ಕಿಟ್ ಲೆನ್ಸಿನಲ್ಲೇ ನಿಂತರೆ ಆಟಕ್ಕೆ ಅದೂ ಸಾಲದು. 50 ಮಿ.ಮೀ. ಎಫ್ 1.8 ಒಂದು ಬೇಕೇ ಬೇಕು. ಜೂಮ್ ಇರುವುದಿಲ್ಲ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕು.

ಫ್ಲ್ಯಾಶ್ ನಂಬಿ ಹೋಗಬೇಡ. ತಲೆಯ ಮೇಲೆ ಏಳುವ ಆ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಬಲ ಹೇಳುವ ಅಂಕೆ, 9ರ ಆಸುಪಾಸು. ಅದನ್ನು ಲೆನ್ಸಿನ ಎಫ್ 5.6ರಿಂದ ಭಾಗಿಸಿದರೆ ಐಎಸ್‌ಒ 100ರಲ್ಲಿ ಅದು ಮುಟ್ಟುವುದು ಒಂದೂವರೆ ಮೀಟರ್ ಚಿಲ್ಲರೆ. ಭಾಗವತರ ತನಕವೂ ಹೋಗುವುದಿಲ್ಲ, ಎದುರು ಕೂತವರ ತಲೆ ಮಾತ್ರ ಬೆಳ್ಳಗಾಗುತ್ತದೆ.

ಬೆಳಗಿನ ತನಕದ ಆಟಕ್ಕೆ ಬ್ಯಾಟರಿಯೂ ಲೆಕ್ಕಕ್ಕೆ ಬರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕಿಂಡಿಗೆ ಕಣ್ಣಿಟ್ಟು ನೋಡುವುದರಿಂದ ಪರದೆಗೆ ಕರೆಂಟು ಹೋಗುವುದಿಲ್ಲ. ನಿಕಾನ್ ಡಿ3500 ಒಂದು ಚಾರ್ಜಿಗೆ 1550, ಕ್ಯಾನನ್ 1500ಡಿ 500 ಚಿತ್ರ ಅಂತ ಕಂಪನಿಯವರೇ ಹೇಳುವುದು. ಸಣ್ಣವು 200ರಿಂದ 350ಕ್ಕೆ ಸುಸ್ತು. ಎರಡನೇ ಬ್ಯಾಟರಿ ಯಾವುದಕ್ಕಾದರೂ ಇರಲಿ.

ಮತ್ತೆ ಆ ಸಾಲೇ ನೆನಪಾಗುತ್ತದೆ. ಹೋದರೂ ಸಂಕಟ ಆಗದ್ದನ್ನು ಕೊಳ್ಳುತ್ತೇನೆ ಅನ್ನುವುದು ಯಾವ ಲೆಕ್ಕ ಸಿಂಧು? ಕೊಳೆರೋಗ ಬರಬಹುದು ಅಂತ ನಿನ್ನ ಅಪ್ಪ ಅಡಕೆ ತೋಟವನ್ನೇ ಬಿಟ್ಟನೇ? ಮೈಲುತುತ್ತ, ಸುಣ್ಣ ತಂದು ಮಳೆ ಹಿಡಿಯುವ ಮೊದಲೇ ಔಷಧ ಹೊಡೆಸುತ್ತಾನೆ. ಉದುರಿದ ಮೇಲೆ ಹೊಡೆಸಿದರೆ ಬಿದ್ದ ಅಡಕೆ ಮತ್ತೆ ಗೊನೆಗೆ ಹತ್ತುತ್ತದೆಯೇ? ಲೆನ್ಸಿನದ್ದೂ ಅದೇ ಕಥೆ, ಮೇ ತಿಂಗಳ ಕೊನೆಗೇ ಡಬ್ಬ ತಯಾರಿರಬೇಕು. ಈ ವರ್ಷ ಅದು ತಪ್ಪಿತು, ಅಡ್ಡಿಲ್ಲೆ, ಕ್ಯಾಮೆರಾ ಬರುವ ಮೊದಲು ಡಬ್ಬ ಬಂದರೂ ಸಾಕು.

ಡಬ್ಬ ಅಂದರೆ ಬೇರೇನೂ ಇಲ್ಲ, ಆಯಿ ಹಲಸಿನ ಹಪ್ಪಳ ತುಂಬಿಡುತ್ತಾಳಲ್ಲ, ಆ ಜಾತಿಯದ್ದೇ. ಮುಚ್ಚಳಕ್ಕೆ ರಬ್ಬರ್ ಸುತ್ತು ಇರುವ, ನಾಲ್ಕೂ ಬದಿ ಕೊಂಡಿ ಬೀಳುವ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬ. ಅದರಲ್ಲಿ ಕಾಲು ಕಿಲೋ ಸಿಲಿಕಾ ಜೆಲ್, ತೆಳು ಬಟ್ಟೆಯ ಚೀಲದಲ್ಲಿ. ಜೊತೆಗೆ ತೇವ ತೋರಿಸುವ ಪುಟ್ಟ ಮೀಟರ್ ಒಂದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. 60 ದಾಟಿದರೆ ಜೆಲ್ ಹುರಿಯುವ ಕಾಲ ಬಂತು. ನೀಲಿ ಜೆಲ್ ನೀರು ಕುಡಿದು ಗುಲಾಬಿಯಾಗುತ್ತದೆ, ಕಿತ್ತಳೆಯದ್ದು ಹಸಿರಾಗುತ್ತದೆ. ಕಿಟಕಿ ತೆಗೆದಿಟ್ಟು, ಸಣ್ಣ ಉರಿಯಲ್ಲಿ, ಮೊದಲಿನ ಬಣ್ಣ ಬರುವ ತನಕ ಕೈಯಾಡಿಸಬೇಕು. ಉರಿ ಜೋರಾದರೆ ಸಾಸಿವೆಯ ಹಾಗೆ ಸಿಡಿಯುತ್ತದೆ. ಬಿಸಿ ಇರುವಾಗಲೇ ಡಬ್ಬಕ್ಕೆ ಹಾಕಬೇಡ, ತೆರೆದಿಟ್ಟು ಆರಿಸಲೂ ಬೇಡ, ಆರುತ್ತ ಆರುತ್ತಲೇ ಮತ್ತೆ ತೇವ ಎಳೆದುಕೊಳ್ಳುತ್ತದೆ. ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಆರಲಿ.

ಅಕ್ಕಿಯಲ್ಲಿ ಹುಗಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡ, ಅಕ್ಕಿಯ ಹಿಟ್ಟು ಸಂದಿಗೆ ಸೇರುತ್ತದೆ. ಡಾಂಬರು ಗುಳಿಗೆಯೂ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಮೆರಾದ ಜೊತೆ ಪುಕ್ಕಟೆ ಕೊಡುವ ಆ ಚೀಲ. ಒಳಗಿನ ಸ್ಪಂಜು ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಒಯ್ಯಲಿಕ್ಕೆ ಮಾತ್ರ ಚೀಲ, ಇಡಲಿಕ್ಕೆ ಡಬ್ಬ. ನನ್ನದು ತೊಗಲಿನ ಚೀಲ. ಮಳೆ ತಾಗದಿರಲಿ ಅಂತ ಅದರ ಮೇಲೆ ಪಂಚೆ ಸುತ್ತಿ, ಟ್ರಂಕಿನ ತಳದಲ್ಲಿ ಮೂರು ಮಳೆಗಾಲ ತೆರೆಯದೆ ಇಟ್ಟವನು ನಾನೇ. ಮನೆಯವರೆಲ್ಲ ಮಳೆಯನ್ನು ಬೈದರು, ನಾನೂ ಹೌದು ಅಂದೆ. ಇಷ್ಟು ವರ್ಷ ಆ ಕಥೆಯನ್ನು ನೀನು ನನ್ನ ಬಾಯಲ್ಲೇ ಕೇಳಿದ್ದೀಯ. ನಿನ್ನ ಹೆದರಿಕೆಗೆ ಮೂಲ ಅದೇ ಇರಬೇಕು ಅಂತ ಈಗ ಅನ್ನಿಸುತ್ತದೆ.

ವಾರಕ್ಕೊಮ್ಮೆ ಹೊರಗೆ ತೆಗೆದು, ಲೆನ್ಸ್ ತಿರುಗಿಸಿ, ಬೆಳಕು ಕಾಣಿಸಿ, ಹತ್ತು ಚಿತ್ರ ತೆಗೆದು ಇಡುವ ಕ್ಯಾಮೆರಾಕ್ಕೆ ಬೂಸ್ಟು ಸುಲಭಕ್ಕೆ ಹತ್ತುವುದಿಲ್ಲ. ಹೊಸತೋ ಹಳತೋ, ದೊಡ್ಡದೋ ಸಣ್ಣದೋ ಅನ್ನುವುದು ಆಮೇಲಿನ ಮಾತು. 1500ಡಿ 475 ಗ್ರಾಂ, 50ರ ಲೆನ್ಸ್ 160 ಗ್ರಾಂ. ಆರುನೂರು ಚಿಲ್ಲರೆ ಗ್ರಾಂ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವ ಮನಸ್ಸು ನಿನಗಿದೆಯೇ, ಅದೊಂದನ್ನು ನೋಡಿಕೊ. ಇಲ್ಲ ಅಂದರೆ ನಾನು ಇಷ್ಟು ಬರೆದದ್ದೂ ದಂಡ. ಆಗ ಸೋನಿ ಆರ್‌ಎಕ್ಸ್100ರ ಜಾತಿಯದ್ದು ನೋಡು. 2012ರಲ್ಲಿ ಬಂದ ಮೊದಲನೆಯದೇ 240 ಗ್ರಾಂ, ಸೆನ್ಸರ್ 13.2×8.8. ಅಗ್ಗದ ಕಾಂಪ್ಯಾಕ್ಟಿಗಿಂತ ನಾಲ್ಕು ಪಟ್ಟು ಜಾಗ. ಬೆಲೆ ಮಾತ್ರ ಡಿಎಸ್‌ಎಲ್‌ಆರ್‌ನಷ್ಟೇ, ಮೂತಿಯ ಮರಳಿನ ಕಾಟವೂ ಹಾಗೇ ಇದೆ.

ದೊಡ್ಡದು ಅಂತಾದರೆ ಸೆಕೆಂಡ್ ಹ್ಯಾಂಡೇ ಸಾಕು. ಡಿ3500 ಬಂದದ್ದು 2018ರಲ್ಲಿ, ಆ ಸಾಲಿಗೆ ಅದೇ ಕೊನೆ. ಎಲ್ಲರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ, ಹಳೆಯದನ್ನು ಮಾರುವವರು ಬೇಕಷ್ಟಿದ್ದಾರೆ. ನಿಕಾನ್ ಕೊಳ್ಳುವುದಾದರೆ ಒಂದು ಎಚ್ಚರ. ಡಿ3500ರ ಮೈಯಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ತನ್ನದೇ ಮೋಟರ್ ಇಲ್ಲದ 50ರ ಹಳೆಯ ‘ಡಿ’ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ಮಾಡಬೇಕು, ಆಟದಲ್ಲಿ ಅದು ಆಗುವ ಮಾತಲ್ಲ. ಒಳಗೇ ಮೋಟರ್ ಇರುವ, ಎಎಫ್-ಎಸ್ ಅಂತ ಬರೆದದ್ದನ್ನೇ ಕೇಳು. ಕ್ಯಾನನ್‌ಗೆ ಈ ತಾಪತ್ರಯ ಇಲ್ಲ.

ದುಡ್ಡು ಕೊಡುವ ಮೊದಲು ಲೆನ್ಸನ್ನು ಮೈಯಿಂದ ಬಿಡಿಸಿ, ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡು. ಕ್ಯಾನನ್ ಲೆನ್ಸ್ ಬಿಡಿಸಿದಾಗ ಅದರ ಒಳಗಿನ ಬಾಯಿ ತೆರೆದೇ ಇರುತ್ತದೆ. ನಿಕಾನ್‌ನದ್ದು ಮುಚ್ಚಿರುತ್ತದೆ, ಹಿಂದಿನ ಪುಟ್ಟ ಸನ್ನೆಯನ್ನು ಉಗುರಿನಿಂದ ಸರಿಸಿ ಹಿಡಿಯಬೇಕು. ಬಿಡಿ ಬಿಡಿ ಚುಕ್ಕಿ ಕಂಡರೆ ಧೂಳು, ಅದಕ್ಕೆ ಚೌಕಾಸಿ ಮಾಡು, ಬಿಡಬೇಡ. ಕವಲೊಡೆದ ಎಳೆ ಕಂಡರೆ, ಅಂಚಿನಲ್ಲಿ ಒಂದೇ ಒಂದಾದರೂ, ವಾಪಸ್ ಕೊಟ್ಟು ಬಂದುಬಿಡು. ಅಂಥದ್ದನ್ನು ನಿನ್ನ ಡಬ್ಬಕ್ಕೆ ತಂದರೆ ಅದು ಉಳಿದವಕ್ಕೂ ಹಬ್ಬೀತು.

ಎಸಿ ಬಸ್ಸಿನಿಂದ ಇಳಿದ ಕೂಡಲೇ ಚೀಲ ತೆಗೆಯಬೇಡ, ತಣ್ಣಗಿನ ಗಾಜಿನ ಮೇಲೆ ಕಡಲ ಗಾಳಿ ನೀರಾಗಿ ಕೂರುತ್ತದೆ. ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಇರಲಿ. ಕಡಲ ಬದಿಯಿಂದ ಬಂದ ದಿನ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಮೈ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿಡು. ಗಾಜಿಗೆ ಬಾಯಿಂದ ಊದಬೇಡ.

ನಾನು ಹೇಳಿದೆ ಅಂತಲೇ ಯಾವುದನ್ನೂ ಕೊಳ್ಳಬೇಡ. ಲೆನ್ಸಿನ ಹಿಂದೆ ಟಾರ್ಚ್ ಹಿಡಿದು ಒಂದು ಫೋಟೊ ತೆಗೆದು ನನಗೆ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ
ಅಪ್ಪಚ್ಚಿ

ತಾ.ಕ.: ಸಿಲಿಕಾ ಜೆಲ್ ಹುರಿಯಲಿಕ್ಕೆ ಒಂದು ಹಳೇ ಬಾಣಲೆ ಬೇರೆಯೇ ಇಡು, ಅದರಲ್ಲಿ ಮತ್ತೆ ಒಗ್ಗರಣೆ ಹಾಕಬೇಡ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಹೊಟ್ಟೆಗೆ ವಿಷ. ರೂಮಿನ ಗೆಳತಿಯರಿಗೂ ಹೇಳಿಡು.