ಅಹವಾಲು ಸಭೆ ವಾಪಸ್ ತನ್ನಿ

ಮಾನ್ಯರೇ,

ಗಣಿ ಶುರುವಾಗುವ ಮುನ್ನ ಊರವರ ಮಾತು ಕೇಳುವ ಅಹವಾಲು ಸಭೆಯನ್ನು ಕೇಂದ್ರ ಕೆಲವು ಖನಿಜಗಳಿಗೆ ಕೈಬಿಟ್ಟಿದೆ. ಅದು ಯಾಕೆ ಬೇಕು ಅಂತ ಹೇಳಲು ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. 2007ರಲ್ಲಿ ಸಾಲ ಮಾಡಿ ಲಾರಿ ತಗೊಂಡವನು ನಾನು. ಸಂಡೂರಿನಲ್ಲಿ ಕಬ್ಬಿಣದ ಅದಿರು ತುಂಬಿ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಬೇಲೆಕೇರಿ ಬಂದರಿನಲ್ಲಿ ಸುರಿದು ಬರುತ್ತಿದ್ದೆ. ಅರಬೈಲು ಘಟ್ಟದಲ್ಲಿ ಲಾರಿಗಳು ಸಾಲುಗಟ್ಟಿದರೆ ರಾತ್ರಿಯೆಲ್ಲ ಅಲ್ಲೇ. ಚೀನಾಕ್ಕೆ ಎಷ್ಟು ಅದಿರು ಹೋದರೂ ಸಾಕಾಗದ ಕಾಲ ಅದು. ಬಾಡಿಗೆ ಚೆನ್ನಾಗಿ ಸಿಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಎರಡೆಕರೆ ಹೊಲ ಲಾರಿ ಓಡುವ ರಸ್ತೆಗೇ ಅಂಟಿಕೊಂಡಿದೆ. ಜೋಳದ ಗರಿ ಮೇಲೆ ಕೆಂಪು ಪುಡಿ ಕೂತು, ಎತ್ತುಗಳು ಮೇವು ಮೂಸಿ ಮುಖ ತಿರುಗಿಸುತ್ತಿದ್ದವು. ಅವ್ವ ಸೊಪ್ಪೆ ಕೊಡವಿ, ನೀರಲ್ಲಿ ಜಾಲಿಸಿ ಹಾಕುತ್ತಿದ್ದಳು. ಬಾನಿಯಲ್ಲಿ ಓಕುಳಿ ನಿಲ್ಲುತ್ತಿತ್ತು. ಆ ಪುಡಿಯಲ್ಲಿ ನನ್ನ ಲಾರಿಯದೂ ಇತ್ತು ಅಲ್ವಾ? ತಾಡಪತ್ರಿ ಸರಿಯಾಗಿ ಬಿಗಿಯುವಷ್ಟು ತಾಳ್ಮೆ ಯಾರಿಗಿತ್ತು!

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ಮನೆ ಮುಂದೆ ನಿಂತಿತು. ಕಂತು ನಿಲ್ಲಲಿಲ್ಲ. ಕೊನೆಗೆ ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಗಣಿಯಿಂದ ಹಾಳಾದ ಊರುಗಳನ್ನು ಸರಿಪಡಿಸಲು ಸರ್ಕಾರ ನಿಗಮ ಮಾಡಿದ್ದು 2014ರಲ್ಲಿ. ಅಷ್ಟೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ಈಗ ಪತ್ರಿಕೆ ಬಿಡಿಸಿದರೆ ಬ್ಯಾಟರಿಗೆ ಬೇಕಾದ ಲಿಥಿಯಂ, ಕೋಬಾಲ್ಟ್, ಖನಿಜ ಒಪ್ಪಂದ. ವಿದೇಶದಲ್ಲಿ ಖನಿಜ ಹುಡುಕುವ ಕೇಂದ್ರದ ಕಾಬಿಲ್ ಕಂಪನಿ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಲಿಥಿಯಂ ಬ್ಲಾಕ್‌ಗಳಿಗೆ ಸಹಿ ಹಾಕಿದೆ. ಒಟ್ಟು 15,703 ಹೆಕ್ಟೇರ್. ಆ ಕಡೆ ನೆಲದಡಿಯ ಉಪ್ಪುನೀರು ಎತ್ತಿ, ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಮೊದಲೇ ಮಳೆ ಅಪರೂಪದ ನಾಡು. ಲಾಮಾ, ಕುರಿ ಸಾಕಿಕೊಂಡು ಬದುಕುವ ಜನ. ಹೆಕ್ಟೇರ್ ಲೆಕ್ಕ ಓದಿದೆ. ಅವರ ನೀರಿನ ಲೆಕ್ಕ ಸುದ್ದಿಯಲ್ಲಿ ನನಗೆ ಕಾಣಲಿಲ್ಲ. ಅಂದು ನಾವು ಮಾರುವವರು, ಇಂದು ಕೊಳ್ಳುವವರು. ಆಗ ನಮ್ಮ ಅದಿರು ಕೊಂಡವರಿಗೆ ಸಂಡೂರಿನ ಹೆಸರು ಗೊತ್ತಿತ್ತೋ ಇಲ್ಲವೋ. ಕಟಮಾರ್ಕಾದ ಹೆಸರು ನನಗಂತೂ ಗೊತ್ತಿರಲಿಲ್ಲ.

ದೂರದ ಮಾತು ಅನ್ನಬೇಡಿ. ಇಂಥ ಖನಿಜ ನಮ್ಮಲ್ಲೇ ಅಗೆಯುವುದಾದರೆ ಸಾರ್ವಜನಿಕ ಅಹವಾಲು ಸಭೆ ಬೇಕಾಗಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೇಳಿಬಿಟ್ಟಿದೆ. ದೇಶದ ರಕ್ಷಣೆಯ ಕಾರಣವಂತೆ. ಅಹವಾಲು ಸಭೆ ಹೇಗಿರುತ್ತದೆ ಅಂತ ನನಗೂ ಗೊತ್ತು. ಶಾಮಿಯಾನ, ಉಪ್ಪಿಟ್ಟು, ಮುಂದಿನ ಸಾಲಲ್ಲಿ ಕಂಪನಿ ಕಡೆಯವರು. ಆದರೂ ಒಬ್ಬ ಮುದುಕಿ ಮೈಕ್ ಹಿಡಿದು 'ನಮ್ಮ ಬೋರಿನ ನೀರು ಹೋದರೆ ಏನ್ ಮಾಡ್ಲಿ ಸಾಹೇಬ' ಅಂದರೆ, ಅದನ್ನು ಬರೆದುಕೊಳ್ಳಲೇಬೇಕು. ಇನ್ನು ಮೇಲೆ ಅದೂ ಇಲ್ಲ.

ಆ ಸಭೆ ವಾಪಸ್ ತನ್ನಿ ಎಂದು ನಮ್ಮ ಭಾಗದ ಸಂಸದರು ಸಂಸತ್ತಿನಲ್ಲಿ ಕೇಳಲಿ. ಕಟಮಾರ್ಕಾದ ಕುರಿಗಾಹಿಗಳನ್ನು ಯಾರಾದರೂ ಕೂರಿಸಿ ಕೇಳಿದ್ದಾರಾ ಎಂದೂ ಅವತ್ತೇ ಕೇಳಲಿ.

– ಮಾಜಿ ಲಾರಿ ಮಾಲೀಕ, ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ