ಮೊದಲೇ ತೊಳೆದು ತಂದ ಕಾಲು

ಮಾನ್ಯರೇ,

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಕಳೆದ ಮೇಲೆ ನಿಮ್ಮ ಪತ್ರಿಕೆಯಲ್ಲಿ ಪ್ರತಿವರ್ಷ ಒಂದು ಫೋಟೊ ಬರುತ್ತದೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಚರ್ಚಿನಲ್ಲಿ ಧರ್ಮಗುರುಗಳು ಮಂಡಿಯೂರಿ ಹನ್ನೆರಡು ಮಂದಿಯ ಪಾದ ತೊಳೆಯುವ ಫೋಟೊ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಫೋಟೊದಲ್ಲಿ ಎಡದಿಂದ ನಾಲ್ಕನೆಯವನು ನಾನು. ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಒಳಗಡೆ ಅಂಟಿಸಿದ್ದೇನೆ. ಹೊರಗೆ ಅಂಟಿಸಲು ನಾಚಿಕೆ, ಬಿಸಾಡಲು ಮನಸ್ಸಿಲ್ಲ.

ಆ ದಿನದ ತಯಾರಿ ಕೇಳಿದರೆ ನಗುತ್ತೀರಿ. ಮಧ್ಯಾಹ್ನವೇ ಬಿಸಿನೀರಲ್ಲಿ ಕಾಲು ನೆನೆಸಿ, ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿದೆ. ಉಗುರು ತೆಗೆದು ತೆಂಗಿನೆಣ್ಣೆ ಹಚ್ಚಿದೆ. ಮೇಲೆ ಹೊಸ ಸಾಕ್ಸ್ ಬೇರೆ. "ಇಷ್ಟು ತೊಳೆದ ಮೇಲೆ ಫಾದರ್‌ಗೆ ತೊಳೆಯಲು ಏನು ಬಾಕಿ ಉಂಟು?" ಎಂದಳು ಹೆಂಡತಿ. ಉಳಿದ ಹನ್ನೊಂದು ಮಂದಿಯೂ ಹಾಗೆಯೇ ಬಂದಿದ್ದರು. ನಾವೆಲ್ಲ ಯಾರು ಅಂದರೆ ಚರ್ಚಿನ ಪಾಲನಾ ಮಂಡಳಿಯವರು, ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರಿಕಾರರು, ಹೊಸ ಹಾಲ್‌ಗೆ ಜಾಸ್ತಿ ದುಡ್ಡು ಕೊಟ್ಟವರು. ಮರುವರ್ಷ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಎರಡು ಆದಿತ್ಯವಾರ ನಾನು ಫಾದರ್ ಜತೆ ಮಾತಾಡಲಿಲ್ಲ. ವಿನಯದ ಪಾಠಕ್ಕೆ ಕರೆಯಲಿಲ್ಲ ಅಂತ ಮುನಿಸು!

ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಈ ಘಟನೆ ಇದೆ. ಯೇಸುಸ್ವಾಮಿ ಊಟದಿಂದ ಎದ್ದು, ಮೇಲಿನ ಬಟ್ಟೆ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿ, ಬೋಗುಣಿಗೆ ನೀರು ಸುರಿದರು. ಮನೆಯಾಳು ಮಾಡುವ ಕೆಲಸ ಅದು. ಶಿಷ್ಯರದು ಧೂಳು ತುಳಿದು ಬಂದ ಕಾಲು, ನಮ್ಮ ಹಾಗೆ ಎಣ್ಣೆ ಹಚ್ಚಿದ್ದಲ್ಲ. ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಕೂತಿದ್ದ. ಪೇತ್ರ ಮಾತ್ರ ನನ್ನ ಕಾಲು ಮುಟ್ಟಬೇಡಿ ಎಂದು ಹಟ ಹಿಡಿದ. ಅದು ವಿನಯ ಅಂತ ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಈಗ ಅನುಮಾನ. ಇನ್ನೊಬ್ಬರ ಕೈಗೆ ಕಾಲು ಕೊಡಲು ಒಪ್ಪದಿರುವುದೂ ಒಂದು ಗತ್ತೇ ಅಲ್ವಾ?

ಆದರೆ ಗತ್ತಿನಿಂದ ಅಲ್ಲದೆಯೂ ಕಾಲು ಹಿಂದಕ್ಕೆಳೆದುಕೊಳ್ಳುವವರಿದ್ದಾರೆ. ನಮ್ಮ ವಾಳೆಯಲ್ಲಿ ಗೇರುಬೀಜ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬರು ಬಾಯಿ (ಹೆಂಗಸನ್ನು ನಾವು ಗೌರವದಿಂದ ಕರೆಯುವುದು ಹಾಗೆ) ಇದ್ದಾರೆ. ಬೆರಳ ತುದಿಯಲ್ಲಿ ಸಿಪ್ಪೆಯ ಎಣ್ಣೆ ಸುಟ್ಟ ಕಪ್ಪು ಕಲೆ ಇನ್ನೂ ಹೋಗಿಲ್ಲ. ಹಿಮ್ಮಡಿಯ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ನಿಲ್ಲಿಸಬಹುದು. ಕಳೆದ ವರ್ಷ ಅವರ ಹೆಸರು ಕೊಡುತ್ತೇನೆ ಎಂದೆ. "ಈ ಕಾಲನ್ನು ಅಷ್ಟು ಜನರೆದುರು ಹೇಗೆ ಚಾಚುವುದು ಮಾರಾಯ್ರೆ?" ಎಂದು ಸೆರಗಿನ ತುದಿಯಿಂದ ಪಾದ ಮುಚ್ಚಿಕೊಂಡರು. ಆ ನಾಚಿಕೆ ಅವರಿಗೆ ಎಲ್ಲಿಂದ ಬಂತು? ವರ್ಷವರ್ಷವೂ ಮುಂದಿನ ಸಾಲಿನಲ್ಲಿ ನಮ್ಮಂಥವರ ಬೆಳ್ಳಗಿನ ಕಾಲು ನೋಡಿ ನೋಡಿ ಬಂದದ್ದು.

ಹೆಂಗಸರನ್ನು ಕೂರಿಸಬಹುದಾ ಅಂತ ಕೆಲವರು ಈಗಲೂ ಕೇಳುತ್ತಾರೆ. ಪೋಪ್ ಫ್ರಾನ್ಸಿಸ್ 2016ರಲ್ಲೇ ನಿಯಮ ಬದಲಿಸಿ ಹೆಂಗಸರು, ಮುದುಕರು, ರೋಗಿಗಳು ಎಲ್ಲರಿಗೂ ದಾರಿ ಬಿಟ್ಟರು. ಅವರು ತಾವಾಗಿ 2013ರಲ್ಲೇ ಹಾಗೆ ಮಾಡಿದ್ದರು. ಪೋಪ್ ಆಗಿ ಹದಿನೈದೇ ದಿನ, ವಯಸ್ಸು 76. ರೋಮಿನ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದು ಮುತ್ತಿಟ್ಟರು. ಅದರಲ್ಲಿ ಇಬ್ಬರು ಹುಡುಗಿಯರು. ಮುಸ್ಲಿಮರೂ ಇದ್ದರು. 2025ರ ಏಪ್ರಿಲ್ 17ರಂದು, ಸಾಯಲು ನಾಲ್ಕೇ ದಿನ ಇರುವಾಗಲೂ ರೆಜಿನಾ ಚೇಲಿ ಜೈಲಿಗೆ ಹೋದರು. ಬಗ್ಗಲು ಮೈಯಲ್ಲಿ ಶಕ್ತಿ ಇರಲಿಲ್ಲ. ಈ ಸಲ ಕಾಲು ತೊಳೆಯಲು ಆಗುವುದಿಲ್ಲ ಎಂದು ಕೈದಿಗಳಿಗೇ ಹೇಳಿದರು.

ಸಂಪಾದಕರೇ, ನಿಮ್ಮಲ್ಲಿ ಒಂದು ಸಣ್ಣ ಕೋರಿಕೆ. ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಕೆಳಗೆ ಹೆಸರುಗಳ ಸಾಲು ಮಾತ್ರ ಬೇಡ. ಫಾದರ್ ಹತ್ತಿರವೂ ಹೇಳಿದ್ದೇನೆ, ಚೀಟಿ ಎತ್ತಿ ಆರಿಸಿ ಅಂತ. ನೋಡುವ ಎಂದಿದ್ದಾರೆ.

ಆ ಬಾಯಿಯನ್ನು ಮೊನ್ನೆ ಮತ್ತೆ ಕೇಳಿದೆ. ಬರುವ ವರ್ಷಕ್ಕೆ ಅರ್ಧ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಎಣ್ಣೆ ಹಚ್ಚಿಕೊಂಡು ಬಂದವರ ಪಕ್ಕದಲ್ಲಿ ಕೂರಿಸಬಾರದಂತೆ.

– ನಿವೃತ್ತ ಬ್ಯಾಂಕ್ ನೌಕರ, ಉಡುಪಿ ಜಿಲ್ಲೆ
(ಹೆಸರು ಹಾಕಬೇಡಿ. ದೊಡ್ಡಸ್ತಿಕೆಗೆ ಹೇಳಿದ್ದಲ್ಲ, ಹೆಂಡತಿ ಬೈಯುತ್ತಾಳೆ.)